ಮಕ್ಕಳನ್ನು ಗ್ಯಾಲರಿಗೆ ಕರೆದೊಯ್ಯುವುದೋ, ಗ್ಯಾಲರಿಯನ್ನೇ ಊರಿಗೆ ಕರೆಸುವುದೋ?

2002ರಲ್ಲಿ ಜಪಾನಿನ ಕಲಾವಿದೆ ಯಾಯೊಯಿ ಕುಸಾಮಾ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಕ್ವೀನ್ಸ್‌ಲ್ಯಾಂಡ್ ಆರ್ಟ್ ಗ್ಯಾಲರಿಗಾಗಿ ಮಕ್ಕಳ ಕೋಣೆಯೊಂದನ್ನು ಮಾಡಿದರು. ಗೋಡೆ, ಕುರ್ಚಿ, ಮೇಜು ಎಲ್ಲವೂ ಬಿಳಿ. ಮಕ್ಕಳು ಬಣ್ಣದ ದುಂಡು ಸ್ಟಿಕ್ಕರ್ ಅಂಟಿಸುತ್ತಾ ಹೋದಂತೆ ಬಿಳಿಯೆಲ್ಲ ಮುಚ್ಚಿಹೋಯಿತು. ಅಂಥ ಕೋಣೆಯೊಳಗೆ ನಿಲ್ಲುವ ಬೆರಗು ಗ್ಯಾಲರಿಗೆ ಹೋದರೇ ಜಾಸ್ತಿ. ಆದರೆ ಅದೇ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಉತ್ತರದಲ್ಲಿರುವ ಕೇರ್ನ್ಸ್‌ನಿಂದ ಬ್ರಿಸ್ಬೇನ್ ಸುಮಾರು 1,700 ಕಿ.ಮೀ. ದೂರ! ಪುಟ್ಟ ಮಕ್ಕಳಿಗೆ ಕಷ್ಟ ಅಲ್ವಾ?

ಅದೇ ಗ್ಯಾಲರಿಯ ‘ಕಿಡ್ಸ್ ಆನ್ ಟೂರ್’ ಎಂಬ ಕಾರ್ಯಕ್ರಮ, ಕಲಾವಿದರು ರೂಪಿಸಿದ ಚಟುವಟಿಕೆಗಳನ್ನು ದೂರದ ಊರುಗಳಿಗೆ ತಲುಪಿಸುತ್ತದೆ. ಅಲ್ಲಿ ದೊಡ್ಡ ಕೃತಿಗಳ ಎದುರು ನಿಲ್ಲುವ ಅವಕಾಶವಿಲ್ಲ, ಅದು ನಿಜವಾದ ಕೊರತೆಯೇ. ಆದರೆ ಮಗು ತನ್ನ ಕೈಯಾರೆ ಕತ್ತರಿಸಿ, ಮಡಚಿ, ಅಂಟಿಸುತ್ತದೆ. ನಾಳೆ ತಂಗಿಯನ್ನೂ ಕರೆದುಕೊಂಡು ಮತ್ತೆ ಬರಬಹುದು.

ಕಲೆಯ ಹುಚ್ಚು ಹತ್ತಿದ ನಾಲ್ಕೈದು ದೊಡ್ಡ ಮಕ್ಕಳಿದ್ದರೆ ಬ್ರಿಸ್ಬೇನ್‌ಗೆ ಹೊರಡಿ. ಊರಿನ ಎಲ್ಲ ಮಕ್ಕಳಿಗೂ ಸಿಗಬೇಕೆಂದರೆ ಟೂರ್ ಕರೆಸಿ, ಎರಡು ಮಾತಿಲ್ಲ.