ಪೆಟ್ಟಿಗೆಯ ಮೇಲಿನ 5400 ನೋಡಿ ಕಚೇರಿಗೆ ರೂಟರ್ ಕೊಳ್ಳಬೇಡಿ

ದಾವಣಗೆರೆಯಲ್ಲಿ ನಮ್ಮದು ಒಂಬತ್ತು ಜನರ ತೆರಿಗೆ ಸಲಹಾ ಕಚೇರಿ. 2020ರ ಲಾಕ್‌ಡೌನ್ ಮುಗಿದ ಮೇಲೂ ನಾಲ್ವರು ಮನೆಯಿಂದಲೇ ಕೆಲಸ ಮುಂದುವರಿಸಿದರು. ಒಬ್ಬರು ಹರಿಹರದಲ್ಲಿ, ಒಬ್ಬರು ಚಿತ್ರದುರ್ಗದಲ್ಲಿ, ಉಳಿದಿಬ್ಬರು ಸಾಗರ ಮತ್ತು ಮೈಸೂರಿನಲ್ಲಿದ್ದಾರೆ. ಲೆಕ್ಕಪತ್ರ ಬರೆಯುವ ಟ್ಯಾಲಿ ತಂತ್ರಾಂಶದ ದತ್ತಾಂಶ ಮತ್ತು ಗ್ರಾಹಕರ ಕಾಗದಪತ್ರಗಳ ಸ್ಕ್ಯಾನ್ ಪ್ರತಿಗಳೆಲ್ಲ ಕಚೇರಿಯ ಕಂಪ್ಯೂಟರಿನಲ್ಲೇ ಇರುವುದರಿಂದ, ಅವರು ಪ್ರತಿದಿನ ಅಲ್ಲಿಂದ ಇಲ್ಲಿಗೆ ಸಂಪರ್ಕ ಸಾಧಿಸಿಯೇ ಕೆಲಸ ಮಾಡಬೇಕು. ಈ ವ್ಯವಸ್ಥೆಗೆ ತಕ್ಕ ರೂಟರನ್ನು ಆರಿಸುವಲ್ಲಿ ನಾನು ಮಾಡಿದ ತಪ್ಪಿನಿಂದ 2023ರ ಆಗಸ್ಟ್‌ನಲ್ಲಿ ನಾವು ಅನುಭವಿಸಿದ ನಷ್ಟ ಇನ್ನೊಂದು ಕಚೇರಿಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಆ ವರ್ಷದ ಜುಲೈನಲ್ಲಿ ಹಳೆಯ ರೂಟರ್ ಪದೇ ಪದೇ ನಿಂತುಹೋಗತೊಡಗಿದಾಗ, ಅಂಗಡಿಯವರು ತೋರಿಸಿದ ಆರು ಆಂಟೆನಾಗಳ, ಆಟಗಾರರಿಗೆಂದೇ ತಯಾರಿಸಿದ ಒಂದು ರೂಟರನ್ನು ಹನ್ನೊಂದು ಸಾವಿರ ಕೊಟ್ಟು ತಂದೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಎಎಕ್ಸ್5400 ಎಂದಿತ್ತು. ಅದನ್ನು ರೂಟರಿನ ಒಟ್ಟು ಸಾಮರ್ಥ್ಯವೆಂದು ತಿಳಿದಿದ್ದೆ. ಅದು 2.4 ಗಿಗಾಹರ್ಟ್ಸ್ ವೈಫೈಯ 574 ಎಂಬಿಪಿಎಸ್ ಮತ್ತು 5 ಗಿಗಾಹರ್ಟ್ಸ್ ವೈಫೈಯ 4804 ಎಂಬಿಪಿಎಸ್ ಎರಡನ್ನೂ ಕೂಡಿಸಿ ದುಂಡಾಗಿಸಿದ ಕಾಗದದ ಮೇಲಿನ ಲೆಕ್ಕ. ಯಾವ ಒಂದು ಸಾಧನಕ್ಕೂ ಆ ವೇಗ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಸಾಗರದಲ್ಲಿ ಕುಳಿತ ನಮ್ಮ ಸಹೋದ್ಯೋಗಿಗೆ ಕಚೇರಿಯ ವೈಫೈ ಎಷ್ಟು ವೇಗವಾಗಿದ್ದರೇನು ಪ್ರಯೋಜನ?

ಮೊದಲ ತೊಡಕು ಅದೇ ವಾರ ಎದುರಾಯಿತು. ರೂಟರಿನಲ್ಲಿ ವಿಪಿಎನ್, ಅಂದರೆ ಹೊರಗಿನವರು ಅಂತರ್ಜಾಲದ ಮೂಲಕವೇ ಕಚೇರಿಯ ಜಾಲದೊಳಗೆ ಸುರಕ್ಷಿತವಾಗಿ ಬರುವ ಖಾಸಗಿ ದಾರಿ, ಸಿದ್ಧಪಡಿಸಿದೆವು, ಆದರೆ ಹೊರಗಿನಿಂದ ಯಾರಿಗೂ ಸಂಪರ್ಕ ಸಿಗಲಿಲ್ಲ. ಎರಡು ದಿನ ಹುಡುಕಾಡಿದ ಮೇಲೆ ರೂಟರಿನ ಸ್ಥಿತಿ ತೋರಿಸುವ ಪುಟದಲ್ಲಿ ವ್ಯಾನ್ ವಿಳಾಸ (ಅಂತರ್ಜಾಲದ ಕಡೆಯಿಂದ ರೂಟರಿಗೆ ಸಿಕ್ಕ ಐಪಿ ವಿಳಾಸ) 100.72 ಎಂದು ಆರಂಭವಾಗಿದ್ದುದು ಕಣ್ಣಿಗೆ ಬಿತ್ತು. ವಿಳಾಸದ ಮೊದಲ ಅಂಕಿ 100 ಆಗಿದ್ದು ಎರಡನೆಯದು 64ರಿಂದ 127ರೊಳಗೆ ಇದ್ದರೆ, ನೀವು ಸಿಜಿನ್ಯಾಟ್‌ನ ಹಿಂದೆ ಇದ್ದೀರಿ ಎಂದರ್ಥ. ಇಡೀ ವಠಾರಕ್ಕೆ ಬೀದಿಬಾಗಿಲು ಒಂದೇ ಇದ್ದು, ಅಂಚೆಯವನಿಗೆ ಒಳಗಿನ ಮನೆಗಳ ಸಂಖ್ಯೆಯೇ ಗೊತ್ತಿಲ್ಲದಂತೆ, ಬ್ರಾಡ್‌ಬ್ಯಾಂಡ್ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿರುತ್ತದೆ. ಹೊರಗೆ ಹೋಗುವುದಕ್ಕೆ ಅಡ್ಡಿಯಿಲ್ಲ, ಹೊರಗಿನಿಂದ ನೇರವಾಗಿ ಒಳಗೆ ಬರುವುದಕ್ಕೆ ದಾರಿಯಿಲ್ಲ. ಎಷ್ಟೇ ದುಬಾರಿ ರೂಟರ್ ತಂದರೂ ಇದು ಸರಿಹೋಗುವುದಿಲ್ಲ. ಕಂಪನಿಯಿಂದ ಸ್ಥಿರ ಸಾರ್ವಜನಿಕ ಐಪಿ ವಿಳಾಸವನ್ನೇ ಪಡೆಯಬೇಕು. ಪ್ರತ್ಯೇಕ ಶುಲ್ಕ ಕಟ್ಟಿ ಪಡೆದೆವು. ಆಗಲೂ ಆ ವಿಳಾಸ ಕಂಪನಿಯವರು ಗೋಡೆಗೆ ಹಾಕಿದ್ದ ಫೈಬರ್ ಪೆಟ್ಟಿಗೆಗೆ ಸಿಕ್ಕಿತೇ ಹೊರತು ನಮ್ಮ ರೂಟರಿಗೆ ಸಿಗಲಿಲ್ಲ. ಆ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಕೊಡಿ, ಅಂದರೆ ವಿಳಾಸವನ್ನು ತಾನಿಟ್ಟುಕೊಳ್ಳದೆ ನಮ್ಮ ರೂಟರಿಗೆ ದಾಟಿಸುವಂತೆ ಮಾಡಿ, ಎಂದು ಕೇಳಬೇಕೆಂಬುದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ. ಒಟ್ಟು ಒಂಬತ್ತು ದಿನ ಹೋದವು.

ಸಂಪರ್ಕವೇನೋ ಸಿಕ್ಕಿತು, ಆದರೆ ನಾಲ್ವರೂ ಒಟ್ಟಿಗೆ ಬಂದಾಗ ಪರದೆ ತೆವಳತೊಡಗಿತು. ನಮ್ಮ ಫೈಬರ್ ಲೈನ್ 200 ಎಂಬಿಪಿಎಸ್‌ನದು. ವಿಪಿಎನ್ ಮೂಲಕ ಅಳೆದಾಗ ನಾಲ್ವರಿಗೂ ಸೇರಿ 22 ದಾಟಲಿಲ್ಲ. ರೂಟರಿನ ಪುಟ ತೆರೆದು ನೋಡಿದರೆ ಅದರ ಪ್ರೊಸೆಸರಿನ ಮೂರು ಕೋರ್‌ಗಳಲ್ಲಿ (ಲೆಕ್ಕ ಮಾಡುವ ಘಟಕಗಳಲ್ಲಿ) ಒಂದು ನೂರಕ್ಕೆ ನೂರು ದುಡಿಯುತ್ತಿತ್ತು, ಉಳಿದೆರಡು ಸುಮ್ಮನಿದ್ದವು. ಅದರಲ್ಲಿದ್ದದ್ದು ಓಪನ್‌ವಿಪಿಎನ್ ಎಂಬ ಬಗೆಯ ವಿಪಿಎನ್, ಸಾಮಾನ್ಯ ರೂಟರುಗಳಲ್ಲಿ ಅದರ ಗೂಢಲಿಪೀಕರಣದ ಹೊರೆಯೆಲ್ಲ ಒಂದೇ ಕೋರ್ ಮೇಲೆ ಬೀಳುತ್ತದೆ. ಸಾಲದೆಂಬಂತೆ, ಮನೆಯಲ್ಲಿರುವವರ ಇಡೀ ಅಂತರ್ಜಾಲ ಸಂಚಾರ, ಅವರ ವಿಡಿಯೋ ಕರೆಗಳೂ ಸೇರಿ, ನಮ್ಮ ಕಚೇರಿಯ ಮೂಲಕವೇ ಹಾದುಹೋಗುವಂತೆ ಹೊಂದಿಸಲಾಗಿತ್ತು. ಕಚೇರಿಯ ಜಾಲಕ್ಕೆ ಬೇಕಾದ್ದನ್ನು ಮಾತ್ರ ವಿಪಿಎನ್‌ನಲ್ಲಿ ಕಳುಹಿಸಿ ಉಳಿದದ್ದನ್ನು ಅವರವರ ಮನೆಯ ಲೈನಿನಲ್ಲೇ ಬಿಡಬಹುದೆಂಬುದು ಆಗ ನನಗೆ ಗೊತ್ತಿರಲಿಲ್ಲ. ಹರಿಹರದ ಸಹೋದ್ಯೋಗಿಗೆ ಇನ್ನೊಂದು ಕಷ್ಟವಿತ್ತು: ಸಂಪರ್ಕ ಸಿಕ್ಕರೂ ಕಚೇರಿಯ ಕಂಪ್ಯೂಟರ್ ತೆರೆಯುತ್ತಿರಲಿಲ್ಲ. ಕಚೇರಿಯ ಜಾಲವೂ ಅವರ ಮನೆಯ ಜಾಲವೂ 192.168.1 ಎಂಬ ಒಂದೇ ವಿಳಾಸ ಸರಣಿಯಲ್ಲಿದ್ದುದರಿಂದ, ಅವರ ಲ್ಯಾಪ್‌ಟಾಪ್ ನಮ್ಮ ಕಂಪ್ಯೂಟರನ್ನು ಅವರ ಮನೆಯೊಳಗೇ ಹುಡುಕುತ್ತಿತ್ತು. ಕಚೇರಿಯ ಸರಣಿಯನ್ನು ಮನೆಗಳಲ್ಲಿ ಸಾಮಾನ್ಯವಾಗಿ ಬಳಸದ ಬೇರೊಂದಕ್ಕೆ ಮೊದಲ ದಿನವೇ ಬದಲಿಸಿದ್ದರೆ ಈ ತೊಂದರೆ ಹುಟ್ಟುತ್ತಲೇ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಿಧಾನವೆಂಬ ಒಂದೇ ದೂರು ಉಳಿಯುತ್ತಿತ್ತು. ಆಗಸ್ಟ್ 7ರಂದು ಬಂದ ತಂತ್ರಜ್ಞ, "ಸರ್, ಈ ವಿಪಿಎನ್ ತಲೆನೋವು ಯಾಕೆ? ಪೋರ್ಟ್ ಓಪನ್ ಮಾಡಿಕೊಡ್ತೀನಿ, ಎಲ್ಲಿಂದ ಬೇಕಾದ್ರೂ ಡೈರೆಕ್ಟ್ ಕನೆಕ್ಟ್ ಆಗ್ತದೆ" ಎಂದರು. ನಾನು ಒಪ್ಪಿದೆ. ಪೋರ್ಟ್ ಎಂದರೆ ಹೊರಗಿನಿಂದ ಒಳಬರಲು ಇರುವ, ಸಂಖ್ಯೆ ಹಾಕಿದ ಬಾಗಿಲು. ದೂರದಿಂದಲೇ ಕಂಪ್ಯೂಟರಿನ ಪರದೆ ತೆರೆದು ಕೆಲಸ ಮಾಡಿಸುವ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389ನೇ ಪೋರ್ಟನ್ನು ಅವರು ಒಂದು ಕಂಪ್ಯೂಟರಿಗೆ, 3390, 3391 ಮತ್ತು 3392ನ್ನು ಉಳಿದ ಮೂರಕ್ಕೆ ತಿರುಗಿಸಿಕೊಟ್ಟರು. ವೇಗ ಕೂಡಲೇ ಹೆಚ್ಚಿತು, ಎಲ್ಲರೂ ಸಂತೋಷಪಟ್ಟರು.

ಆಗಸ್ಟ್ 18, ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆದ ಹುಡುಗಿ ಫೋನ್ ಮಾಡಿ, "ಸರ್, ಫೈಲ್ ಹೆಸರೆಲ್ಲ ಬದಲಾಗಿದೆ, ಒಂದೂ ತೆರೀತಿಲ್ಲ" ಎಂದಳು. ಪ್ರತಿ ಫೋಲ್ಡರಿನಲ್ಲೂ ಹಣ ಕೇಳುವ ಒಂದು ಪಠ್ಯ ಕಡತವಿತ್ತು. ಆಮೇಲೆ ವಿಂಡೋಸ್‌ನ ದಾಖಲೆ ತೆರೆದು ನೋಡಿದಾಗ, ಪೋರ್ಟ್ ತೆರೆದ ದಿನದಿಂದಲೇ ವಿಫಲ ಪ್ರವೇಶವನ್ನು ಸೂಚಿಸುವ 4625 ಎಂಬ ಸಂಖ್ಯೆ ಪುಟದ ಮೇಲೆ ಪುಟ ತುಂಬಿಕೊಂಡಿತ್ತು. ಪ್ರತಿ ಸಾಲಿನಲ್ಲೂ ಬೇರೆ ಬೇರೆ ಬಳಕೆದಾರರ ಹೆಸರು, ಅಡ್ಮಿನ್, ಯೂಸರ್, ಟ್ಯಾಲಿ, ಆಫೀಸ್ ಎಂದು ಯಂತ್ರವೊಂದು ಹಗಲುರಾತ್ರಿ ಬಾಗಿಲು ತಟ್ಟಿದ ಗುರುತು. ಗುರುವಾರ ಕಳೆದ ನಡುರಾತ್ರಿ 2 ಗಂಟೆ 41 ನಿಮಿಷಕ್ಕೆ 4624 ಎಂಬ ಒಂದು ಸಾಲು, ಅಂದರೆ ಯಶಸ್ವಿ ಪ್ರವೇಶ. ಒಳಬಂದದ್ದು 'ಸ್ಕ್ಯಾನ್' ಎಂಬ ಖಾತೆಯ ಮೂಲಕ. ಪ್ರಿಂಟರ್ ತನ್ನ ಸ್ಕ್ಯಾನ್ ಪ್ರತಿಗಳನ್ನು ಕಂಪ್ಯೂಟರಿಗೆ ಕಳುಹಿಸಲೆಂದು ಯಾವಾಗಲೋ ಮಾಡಿದ್ದ ಖಾತೆ ಅದು. ಅದಕ್ಕೆ ಪೂರ್ಣ ಅಧಿಕಾರವೂ ಇತ್ತು, ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡೂ ಇತ್ತು. ಪೋರ್ಟಿನ ಸಂಖ್ಯೆ ಬದಲಿಸಿದರೆ ಸಾಕೆಂದು ಹೇಳುವವರನ್ನು ನಂಬಬೇಡಿ: ಈ ಯಂತ್ರಗಳು ಎಲ್ಲ ಸಂಖ್ಯೆಗಳನ್ನೂ ತಡಕುತ್ತವೆ.

ಜಿಎಸ್‌ಟಿಯ ಮಾಸಿಕ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸಲು 20ನೇ ತಾರೀಖು ಕೊನೆಯ ದಿನ. ಕಂಪ್ಯೂಟರಿಗೆ ಸದಾ ಸಿಕ್ಕಿಸಿಟ್ಟಿದ್ದ ಬ್ಯಾಕಪ್ ಡಿಸ್ಕ್ ಕೂಡ ಹಾಳಾಗಿತ್ತು. ಪ್ರತಿ ಶನಿವಾರ ನಾನು ಮನೆಗೆ ಒಯ್ಯುತ್ತಿದ್ದ ಇನ್ನೊಂದು ಡಿಸ್ಕ್ ಇದ್ದುದರಿಂದ ಉಳಿದುಕೊಂಡೆವು, ಆದರೆ ಆ ಶನಿವಾರದ ನಂತರದ ಕೆಲಸವೆಲ್ಲ ಹೋಯಿತು. ಎರಡು ರಾತ್ರಿ ಕುಳಿತು ಮತ್ತೆ ನಮೂದಿಸಿದರೂ ಏಳು ಗ್ರಾಹಕರ ರಿಟರ್ನ್ ತಡವಾಯಿತು. ದಿನಕ್ಕೆ 50 ರೂಪಾಯಿಯ ವಿಳಂಬ ಶುಲ್ಕವನ್ನೂ ವರ್ಷಕ್ಕೆ ಶೇ. 18ರ ಬಡ್ಡಿಯನ್ನೂ ನಾವೇ ಭರಿಸಿದೆವು. ಅವರಲ್ಲಿ ಒಬ್ಬರು ಹದಿನೆಂಟು ವರ್ಷಗಳ ಗ್ರಾಹಕರು. ತಮ್ಮ ಕಾಗದಪತ್ರ ಬೇರೆಯವರ ಕೈ ಸೇರಿದೆಯೇ ಎಂದು ಕೇಳಿದಾಗ ಇಲ್ಲವೆಂದು ಖಚಿತವಾಗಿ ಹೇಳಲು ನನಗಾಗಲಿಲ್ಲ. ಹಣ ಕೇಳಿದವರಿಗೆ ಒಂದು ಪೈಸೆಯನ್ನೂ ಕೊಡಲಿಲ್ಲ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಟ್ಟೆವು. ಇಂತಹ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ; ನಮ್ಮಂತಹ ಸಣ್ಣ ಕಚೇರಿಯವರೂ ಇದನ್ನು ತಿಳಿದಿರಬೇಕು.

ಈಗ ಇರುವುದು ಆಂಟೆನಾಗಳಿಲ್ಲದ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ವ್ಯಾಪಾರಿ ದರ್ಜೆಯ ರೂಟರ್. ಬೆಲೆ ಮೊದಲಿನದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಕೊಳ್ಳುವ ಮೊದಲು ವೈಫೈ ಸಂಖ್ಯೆಯನ್ನು ಬದಿಗಿಟ್ಟು, ತಯಾರಕರ ವಿವರ ಪತ್ರದಲ್ಲಿ ವಿಪಿಎನ್ ವೇಗ ಎಷ್ಟೆಂಬ ಸಾಲನ್ನು ಹುಡುಕಿದೆ. ಆ ಸಾಲೇ ಇಲ್ಲದ ಮಾದರಿಗಳನ್ನು ಕೈಬಿಟ್ಟೆ. ಇದರಲ್ಲಿ ವೈರ್‌ಗಾರ್ಡ್ ಎಂಬ ಇನ್ನೊಂದು ಬಗೆಯ ವಿಪಿಎನ್ ಇದೆ. ಅದು ಹಗುರವಾದದ್ದರಿಂದ ನಾಲ್ವರು ಒಟ್ಟಿಗೆ ಕೆಲಸ ಮಾಡಿದರೂ ನಿಧಾನವಾಗಿಲ್ಲ. ಹೊರಗಿನಿಂದ ಕಾಣುವಂತೆ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ ಒಂದೂ ತೆರೆದಿಲ್ಲ. ಎರಡು ಲೈನ್ ಜೋಡಿಸುವ ಸೌಲಭ್ಯವಿರುವುದರಿಂದ ಇನ್ನೊಂದು ಕಂಪನಿಯ ಸಣ್ಣ ಪ್ಲಾನ್ ಹಾಕಿಸಿದ್ದೇವೆ. ಎರಡನ್ನೂ ಸಮವಾಗಿ ಬಳಸುವಂತೆ ಹೊಂದಿಸಿದಾಗ ಬ್ಯಾಂಕಿನ ಜಾಲತಾಣ ಮಧ್ಯದಲ್ಲೇ ಹೊರಗೆ ಹಾಕುತ್ತಿತ್ತು, ಏಕೆಂದರೆ ವಿಳಾಸ ಬದಲಾದಂತೆ ಅದಕ್ಕೆ ಕಾಣುತ್ತದೆ. ಈಗ ಮೊದಲನೆಯದು ನಿಂತಾಗ ಮಾತ್ರ ಎರಡನೆಯದು ಕೆಲಸಕ್ಕೆ ಬರುತ್ತದೆ. ಹನ್ನೊಂದು ಸಾವಿರದ ಆ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ ವೈಫೈಗಷ್ಟೇ ಉಳಿಸಿಕೊಂಡಿದ್ದೇವೆ, ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತಿದೆ.

ನಿಮ್ಮ ಕಚೇರಿಯಲ್ಲಿ ಯಾರಾದರೂ ಹೀಗೆ ಪೋರ್ಟ್ ತೆರೆದು ಕೊಟ್ಟಿದ್ದರೆ, ರೂಟರಿನ ಪುಟದಲ್ಲಿ ಪೋರ್ಟ್ ಫಾರ್ವರ್ಡಿಂಗ್ ಎಂಬ ಪಟ್ಟಿಯನ್ನು ಇಂದೇ ತೆರೆದು ನೋಡಿ. ನಮ್ಮಲ್ಲಿ ಆ ನಾಲ್ಕು ಸಾಲುಗಳನ್ನು ಅಳಿಸಲು ಹಿಡಿದದ್ದು ಎರಡು ನಿಮಿಷ.