ಶೆಲ್ಟರ್‌ಗಳ ‘ಉಚಿತ ದತ್ತು’ ಸೇವೆ: ಶುಲ್ಕ ಬಿಡಲಿ, ಕಾಗದ ಬಿಡಬಾರದು

ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ. ಪ್ರಾಣಿಗಳ ಶೆಲ್ಟರ್ ನಡೆಸುವವರನ್ನು ಹೆದರಿಸುವ ಗಾದೆ ಇದೇ. ದುಡ್ಡು ತೆಗೆದುಕೊಳ್ಳದೆ ನಾಯಿ, ಬೆಕ್ಕು ಕೊಟ್ಟರೆ ಒಯ್ದವರಿಗೆ ಅದರ ಬೆಲೆ ಗೊತ್ತಾಗುವುದಿಲ್ಲ, ತಿಂಗಳೊಳಗೆ ಬೀದಿಗೆ ಬಿಡುತ್ತಾರೆ, ಇಲ್ಲವೇ ಮಾರಿಕೊಳ್ಳುತ್ತಾರೆ ಎಂಬ ವಾದ ಹಳೆಯದು. ಆದರೂ ಗೂಡುಗಳು ಭರ್ತಿಯಾದಾಗಲೆಲ್ಲ ‘ಈ ವಾರ ದತ್ತು ಶುಲ್ಕವಿಲ್ಲ’ ಎಂಬ ಬೋರ್ಡು ಬೀಳುತ್ತದೆ. ಈ ಸೇವೆಗೆ ನಮ್ಮ ಅಂಕ: ವರ್ಷ ದಾಟಿದ ಪ್ರಾಣಿಗಳ ಮಟ್ಟಿಗೆ ಐದಕ್ಕೆ ನಾಲ್ಕು, ಮರಿಗಳ ಮಟ್ಟಿಗೆ ಎರಡು. ಅಂಕ ಕಳೆದಿದ್ದು ಶುಲ್ಕ ಬಿಟ್ಟಿದ್ದಕ್ಕಲ್ಲ. ಅದರ ಜೊತೆಗೆ ಇನ್ನೂ ಏನೇನನ್ನೋ ಬಿಟ್ಟುಬಿಡುತ್ತಾರಲ್ಲ, ಅದಕ್ಕೆ.

ಮೊದಲು ಗಾದೆಯ ಮಾತು. ಎಮಿಲಿ ವೈಸ್ ಮತ್ತು ಶಾನನ್ ಗ್ರಮಾನ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಣ ಕೊಟ್ಟು ಬೆಕ್ಕು ತಂದವರಿಗೂ ಪುಕ್ಕಟೆ ತಂದವರಿಗೂ ಅದರ ಮೇಲಿನ ಅಕ್ಕರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದು ದೊಡ್ಡ ಬೆಕ್ಕುಗಳ ಅಧ್ಯಯನ, ನಾಯಿಗೂ ಮರಿಗೂ ಎಳೆದು ಅನ್ವಯಿಸಬಾರದು. ಆದರೆ ‘ದುಡ್ಡು ಕೊಟ್ಟರಷ್ಟೇ ಪ್ರೀತಿ’ ಎನ್ನುವವರು ಪುರಾವೆ ತೋರಿಸಬೇಕಾದ ಸ್ಥಿತಿಗಂತೂ ಬಂದರು. ಅಷ್ಟಕ್ಕೂ ಶುಲ್ಕ ಅಳೆಯುವುದು ಆ ದಿನ ಜೇಬಿನಲ್ಲಿ ಎಷ್ಟಿದೆ ಎಂಬುದನ್ನು. ಮುಂದಿನ ಹತ್ತು ಹನ್ನೆರಡು ವರ್ಷ ಊಟ, ಲಸಿಕೆ, ಡಾಕ್ಟರ್ ಖರ್ಚು ಹೊರುವ ತಾಕತ್ತು ಬೇರೆ ಲೆಕ್ಕ, ಅದನ್ನು ಎದುರು ಕೂತು ಕೇಳಿಯೇ ತಿಳಿಯಬೇಕು.

ಇನ್ನು ಶೆಲ್ಟರ್‌ನ ಹಣದ ಲೆಕ್ಕ. ಒಂದು ಪ್ರಾಣಿಯ ಮೇಲೆ ಆದ ಖರ್ಚು ಶುಲ್ಕದಿಂದ ಪೂರ್ತಿ ಹುಟ್ಟುವುದು ಅಪರೂಪ. ಶುಲ್ಕವು 12 ದಿನದ ಸಾಕಣೆ ಖರ್ಚಿಗೆ ಸಮ ಎಂದಿಟ್ಟುಕೊಳ್ಳಿ. ಮನ್ನಾ ಮಾಡಿದ್ದರಿಂದ ನಾಯಿ 20 ದಿನ ಮುಂಚೆ ಮನೆ ಸೇರಿದರೆ ಶೆಲ್ಟರ್‌ಗೆ 8 ದಿನದ ಖರ್ಚು ಉಳಿಯಿತು, ಒಂದು ಗೂಡೂ ಖಾಲಿಯಾಯಿತು. ಗೂಡಿನಲ್ಲಿ ದಿನ ಹೆಚ್ಚಿದಷ್ಟೂ ಬೆಕ್ಕಿಗೆ ಶೀತ, ಸೀನು ಅಂಟುತ್ತದೆ; ನಾಯಿ ಸರಳಿಗೆ ಎಗರಿ ಬೊಗಳುವುದನ್ನು ರೂಢಿಸಿಕೊಳ್ಳುತ್ತದೆ; ನೋಡಲು ಬಂದವರು ಪಕ್ಕದ ಗೂಡಿಗೆ ಸರಿಯುತ್ತಾರೆ. ಹೀಗೆ ಕೂತು ಕೂತು ಹಳತಾದ ಪ್ರಾಣಿಗೆ ಮನ್ನಾ ಸರಿಯಾದ ಮದ್ದು. ಮೂರು ದಿನದಲ್ಲಿ ತಾನಾಗಿ ಹೊರಡುವ ಎರಡು ತಿಂಗಳ ಮರಿಗೆ ಮನ್ನಾ ಮಾಡುವುದು ಬರೀ ನಷ್ಟ. ಎಲ್ಲ ಗೂಡಿಗೂ ಒಂದೇ ಬೋರ್ಡು ತಗುಲಿಸಿದ್ದಾರೆಂದರೆ ಅಲ್ಲಿ ಯಾರೂ ಲೆಕ್ಕ ಹಾಕಿಲ್ಲ.

ಒಯ್ಯುವವರು ನೋಡಬೇಕಾದದ್ದು ಕೈಗೆ ಬರುವ ಕಾಗದದ ಕಟ್ಟು. ಲಸಿಕೆ ಪುಸ್ತಕದಲ್ಲಿ ‘ಲಸಿಕೆ ಆಗಿದೆ’ ಎಂಬ ಒಂದು ಗೆರೆ ಸಾಲದು. ಯಾವ ಲಸಿಕೆ, ಯಾವ ದಿನ, ಬಾಟಲಿಯ ಸ್ಟಿಕ್ಕರ್, ಮುಂದಿನ ತಾರೀಕು, ಡಾಕ್ಟರ ಸಹಿ ಎಲ್ಲವೂ ಇರಬೇಕು. ನಾಯಿಮರಿಗೆ ಪಾರ್ವೊ, ಡಿಸ್ಟೆಂಪರ್ (ಎರಡೂ ಮರಿಯ ಜೀವ ತೆಗೆಯಬಲ್ಲ ವೈರಸ್ ರೋಗಗಳು) ಲಸಿಕೆಯನ್ನು 6ರಿಂದ 8 ವಾರಕ್ಕೆ ಶುರುಮಾಡಿ, 2ರಿಂದ 4 ವಾರಕ್ಕೊಮ್ಮೆಯಂತೆ ಕನಿಷ್ಠ 16 ವಾರ ತುಂಬುವವರೆಗೆ ಕೊಡುತ್ತಾರೆ. ತಾಯಿಯಿಂದ ಬಂದ ಪ್ರತಿಕಾಯಗಳು (ರೋಗದ ವಿರುದ್ಧ ಕಾದಾಡುವ ರಕ್ತದ ಅಂಶಗಳು) ಮರಿಯ ಮೈಯಲ್ಲಿರುವವರೆಗೂ ಲಸಿಕೆಯನ್ನು ಕೆಲಸ ಮಾಡಲು ಬಿಡುವುದಿಲ್ಲ, ಅವು ಯಾವ ವಾರ ಇಳಿಯುತ್ತವೆ ಎಂಬುದು ಮರಿಯಿಂದ ಮರಿಗೆ ಬೇರೆ. ಒಂದೇ ಡೋಸ್ ಆದ ಮರಿಯನ್ನು ‘ಪೂರ್ತಿ ಆಗಿದೆ’ ಎಂದು ಕೊಟ್ಟರೆ ಮೋಸ ಅಲ್ಲಿಯೇ. ರೇಬೀಸ್ ಲಸಿಕೆ ಸಾಮಾನ್ಯವಾಗಿ 3 ತಿಂಗಳು ತುಂಬಿದ ಮೇಲೆ, ಮತ್ತೆ ವರ್ಷಕ್ಕೊಂದು ಬೂಸ್ಟರ್.

ಜಂತುಹುಳುವಿನ ಔಷಧಿ ಕೊಟ್ಟ ತಾರೀಕು, ಕೊಟ್ಟ ದಿನದ ತೂಕ ಎರಡೂ ಬರೆದಿರಲಿ. ಡೋಸ್ ತೂಕದ ಮೇಲೆ ನಿಂತಿದೆ. ಬೆಕ್ಕಾದರೆ ಎಫ್‌ಐವಿ, ಲ್ಯುಕೇಮಿಯಾ (ಎರಡೂ ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಸ್‌ಗಳು) ಪರೀಕ್ಷೆಯ ಫಲಿತಾಂಶ ಕೇಳಿ. 6 ತಿಂಗಳೊಳಗಿನ ಮರಿಗೆ ಎಫ್‌ಐವಿ ಪಾಸಿಟಿವ್ ಬಂದಿದ್ದರೆ ಗಾಬರಿ ಬೇಡ, ತಾಯಿಯ ಪ್ರತಿಕಾಯವೂ ಹಾಗೆ ತೋರಿಸುತ್ತದೆ. ಆರು ತಿಂಗಳು ದಾಟಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.

ಮೈಕ್ರೋಚಿಪ್ (ಗುರುತಿನ ಸಂಖ್ಯೆ ಹೊತ್ತ, ಚರ್ಮದಡಿ ಇಡುವ ಪುಟ್ಟ ಚಿಪ್) ಇದ್ದರೆ ನಿಮ್ಮೆದುರೇ ಸ್ಕ್ಯಾನರ್ ಆಡಿಸಿ ಓದಿಸಿ. 15 ಅಂಕಿಯ ಸಂಖ್ಯೆ ಕಾಗದದಲ್ಲಿರುವುದಕ್ಕೆ ತಾಳೆಯಾಗಬೇಕು. ಚಿಪ್ ಅಂದರೆ ಜಿಪಿಎಸ್ ಅಲ್ಲ, ಪ್ರಾಣಿ ಎಲ್ಲಿದೆ ಎಂದು ಅದು ಹೇಳದು. ಆ ಸಂಖ್ಯೆ ನಿಮ್ಮ ಹೆಸರು, ಫೋನ್ ನಂಬರಿಗೆ ನೋಂದಣಿಯಾಗದಿದ್ದರೆ ಚರ್ಮದಡಿಯ ಅಕ್ಕಿಕಾಳಷ್ಟೇ. ಜನ ನೂಕಿಕೊಂಡು ಬರುವ ಉಚಿತ ದಿನಗಳಲ್ಲಿ ಬಿಟ್ಟುಹೋಗುವ ಕೆಲಸ ಇದೇ.

ಸಂತಾನಹರಣ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಮನ್ನಾ ನಿಜಕ್ಕೂ ಎಡವುತ್ತದೆ. ಶುಲ್ಕವಿದ್ದಾಗ ‘ಆಪರೇಷನ್ ಮಾಡಿಸಿ, ಠೇವಣಿ ವಾಪಸ್ ಪಡೆಯಿರಿ’ ಎಂಬ ಹಿಡಿತ ಇರುತ್ತದೆ. ಶುಲ್ಕದ ಜೊತೆ ಠೇವಣಿಯನ್ನೂ ಕೈಬಿಟ್ಟರೆ ‘ಆರು ತಿಂಗಳಾದ ಮೇಲೆ ಕರೆತನ್ನಿ’ ಎಂಬುದು ಬಾಯಿಮಾತಾಗಿ ಉಳಿಯುತ್ತದೆ, ಬೆಕ್ಕಾದರೆ ಅಷ್ಟರಲ್ಲಿ ಬಸುರಾಗಿರಲೂಬಹುದು. ಆರೋಗ್ಯವಾಗಿರುವ ಮರಿಗೆ 8 ವಾರ, ಸುಮಾರು 1 ಕೆ.ಜಿ. ತೂಕ ಆದ ಮೇಲೆ ನುರಿತ ಡಾಕ್ಟರು ಆಪರೇಷನ್ ಮಾಡಬಲ್ಲರು. ಹಾಗಾಗಿ ಮಾಡಿಸಿಯೇ ಕಳಿಸುವ ಶೆಲ್ಟರ್ ಮೇಲು. ಮರಿ ಹಾಕಿಸಿ ಮಾರುವ ದಂಧೆಯವರಿಗೂ ಅಂಥ ಪ್ರಾಣಿ ಬೇಡ. ಶುಲ್ಕಕ್ಕಿಂತ ಗಟ್ಟಿ ಬೀಗ ಇದು. ಗಾಯ ಮಾಯಲು 10ರಿಂದ 14 ದಿನ. ಅಲ್ಲಿಯವರೆಗೆ ಸ್ನಾನವಿಲ್ಲ, ಗಾಯ ನೆಕ್ಕದಂತೆ ಕುತ್ತಿಗೆಗೆ ಹಾಕಿದ ಕೋನ್ ತೆಗೆಯುವಂತಿಲ್ಲ. ಗಂಡು ಪ್ರಾಣಿಯನ್ನು ಆಪರೇಷನ್ ಆದ ಮೇಲೂ ಒಂದು ತಿಂಗಳು ಹೆಣ್ಣಿನಿಂದ ದೂರವಿಡಿ ಎಂಬುದನ್ನು ಹೇಳಿ ಕಳಿಸುವವರು ಕಡಿಮೆ.

ಮನೆಗೆ ತಂದ ಮೇಲಿನ ಎರಡು ವಾರದ ಸೂಚನೆಯೂ ಬರಹದಲ್ಲಿ ಸಿಗಬೇಕು. ಮನೆಯಲ್ಲಿ ಮೊದಲೇ ಪ್ರಾಣಿಗಳಿದ್ದರೆ ಹೊಸದನ್ನು 14 ದಿನ ಬೇರೆ ಕೋಣೆಯಲ್ಲಿಡಿ. ಪಾರ್ವೊ ಸೋಂಕು ತಗುಲಿದ್ದರೂ ಲಕ್ಷಣ ಕಾಣಲು ಎರಡು ವಾರದವರೆಗೂ ಹಿಡಿಯಬಹುದು. ಡಿಸ್ಟೆಂಪರ್ ಇನ್ನೂ ತಡವಾಗಿಯೂ ಕಾಣಿಸಿಕೊಳ್ಳುತ್ತದೆ. ಶೆಲ್ಟರ್‌ನಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಮುಂದುವರಿಸಿ, ಹೊಸ ಆಹಾರವನ್ನು ಕಾಲು ಭಾಗ, ಅರ್ಧ, ಮುಕ್ಕಾಲು ಎಂದು 7ರಿಂದ 10 ದಿನದಲ್ಲಿ ಏರಿಸಿ. ಒಮ್ಮೆಗೇ ಬದಲಿಸಿದರೆ ಭೇದಿ ಶುರುವಾಗಿ, ಅದು ಆಹಾರದ್ದೋ ರೋಗದ್ದೋ ತಿಳಿಯದೆ ಒದ್ದಾಡಬೇಕಾಗುತ್ತದೆ. ಬೆಕ್ಕು ಮಂಚದಡಿ ಅಡಗಿ ಕೂತರೆ ಎಳೆಯಬೇಡಿ, ಆದರೆ ಪೂರಾ ಎರಡು ದಿನ ಏನೂ ತಿನ್ನದಿದ್ದರೆ ಡಾಕ್ಟರ ಹತ್ತಿರ ಒಯ್ಯಿರಿ. ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಪಿತ್ತಜನಕಾಂಗಕ್ಕೆ ಕೊಬ್ಬು ತುಂಬಿಕೊಳ್ಳುತ್ತದೆ. ಪುಕ್ಕಟೆ ಬೆಕ್ಕಿನ ಮೂಗಿಗಿಂತ ಮೂಗುತಿ ಭಾರವಾಗುವುದು ಇಂಥ ಕಡೆ.

ಮೇಳದಂತೆ ಒಂದೇ ದಿನ ಮನ್ನಾ ಇಡುವುದಕ್ಕಿಂತ ಆಯ್ದ ಪ್ರಾಣಿಗಳಿಗೆ ವರ್ಷವಿಡೀ ಇಡುವುದು ನಮಗೆ ಹಿಡಿಸಿತು. ನೂಕುನುಗ್ಗಲಿನ ದಿನ ಅರ್ಧ ಗಂಟೆಯ ಮಾತು ಐದು ನಿಮಿಷಕ್ಕಿಳಿಯುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿದ್ದಾರೆಯೇ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳೇ ಬೀಳುವುದಿಲ್ಲ. ಶುಲ್ಕವನ್ನು ದಾನಿಯೊಬ್ಬರು ತುಂಬಿದ್ದರೆ ‘ಉಚಿತ’ ಎಂದು ಬರೆಯದೆ ‘ಶುಲ್ಕ ಸಂದಾಯವಾಗಿದೆ’ ಎಂದು ಬರೆಯುವ ರೂಢಿಯೂ ಚೆನ್ನ.

ನಾಲ್ಕಕ್ಕೇ ನಿಂತಿದ್ದು ಯಾಕೆಂದರೆ, ವಾಪಸಾತಿಯ ಸಾಲು ಎಷ್ಟೋ ಫಾರಂಗಳಲ್ಲಿ ಇರುವುದೇ ಇಲ್ಲ. ‘ಹೊಂದಿಕೆಯಾಗದಿದ್ದರೆ ಯಾವಾಗ ಬೇಕಾದರೂ ಇಲ್ಲಿಗೇ ತಂದುಬಿಡಿ, ಬೈಯುವುದಿಲ್ಲ’ ಎಂದು ಬರೆದು, ಫೋನ್ ನಂಬರ್ ಕೊಟ್ಟು, ಮೂರನೇ ದಿನ ಮತ್ತು ಹದಿನಾಲ್ಕನೇ ದಿನ ತಾವೇ ಕರೆ ಮಾಡುವ ಕಡೆ ಐದಕ್ಕೆ ಐದು ಕೊಡಬಹುದು. ಆ ಸಾಲಿಲ್ಲದ ಫಾರಂ ಮುಂದಿಟ್ಟರೆ ಸಹಿ ಹಾಕುವ ಮೊದಲು ಕೈಯಲ್ಲೇ ಬರೆಸಿಕೊಳ್ಳಿ.