ಉಸಿರು ಎಣಿಸುವ ಏರ್ ಬೆಡ್: ದೀರ್ಘಕಾಲ ಬಳಸಿದ ಮೇಲೆ

ಹಾಸಿಗೆ ಹಿಡಿದ ರೋಗಿಗೆ ಸೆನ್ಸರ್ ಇರುವ ಏರ್ ಬೆಡ್ ಕೊಳ್ಳಬಹುದೇ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇವೆ. ರಾತ್ರಿಯ ಉಸಿರಾಟದ ಲೆಕ್ಕ ಬೇಕಿದ್ದರೆ ಕೊಳ್ಳಿ, ಪಂಪ್ ನಿಂತಾಗ ಎಬ್ಬಿಸುವ ಅಲಾರ್ಮ್ ಬೇಕಿದ್ದರೆ ಕೊಳ್ಳಿ. ರೋಗಿಯನ್ನು ಮಗ್ಗುಲು ಬದಲಿಸುವ ಕೆಲಸ ತಪ್ಪೀತು ಎಂದು ಮಾತ್ರ ಕೊಳ್ಳಬೇಡಿ.

ನಾವು ಬಳಸುತ್ತಿರುವುದು ಕೊಳವೆ ಮಾದರಿಯದು, ಎರಡು ಮೂರು ಸಾವಿರಕ್ಕೆ ಸಿಗುವ ಗುಳ್ಳೆ ಹಾಸಿಗೆಯಲ್ಲ. ಐದು ಇಂಚು ಎತ್ತರದ ಅಡ್ಡ ಕೊಳವೆಗಳು ಒಂದು ಬಿಟ್ಟು ಒಂದರಂತೆ ಎರಡು ಗುಂಪು. ಸುಮಾರು 10 ನಿಮಿಷದ ಸುತ್ತಿನಲ್ಲಿ ಒಂದು ಗುಂಪು ಉಬ್ಬುವಾಗ ಇನ್ನೊಂದು ಕುಗ್ಗುತ್ತದೆ. ತಲೆ ಕಡೆಯ ಮೂರು ಕೊಳವೆ ಮಾತ್ರ ಸದಾ ಉಬ್ಬಿಯೇ ಇರುತ್ತವೆ. ಪಂಪ್ ಪೆಟ್ಟಿಗೆಯೊಳಗೆ ಎರಡು ಸೆನ್ಸರ್. ಒಂದು ಕೊಳವೆಗಳ ಒತ್ತಡವನ್ನು ನೋಡುತ್ತದೆ. ಇನ್ನೊಂದಕ್ಕೆ, ಎದೆಯ ಕೆಳಗೆ ಮೇಲ್ಹೊದಿಕೆಯ ಒಳಗಿರುವ ತೆಳ್ಳನೆಯ ಗಾಳಿಚೀಲದಿಂದ ಸಣ್ಣ ನಳಿಕೆಯೊಂದು ಬರುತ್ತದೆ. ಉಸಿರು, ನಾಡಿ, ಹೊರಳಾಟ ಎಲ್ಲವೂ ಈ ಎರಡನೆಯದರಿಂದ.

ಮೊದಲ ಸೆನ್ಸರಿನ ಅಂಕಿಯಿಂದಲೇ ಜನ ಹೆಚ್ಚು ಮೋಸಹೋಗುವುದು. ಪರದೆಯಲ್ಲಿ ಕಾಣುವುದು ಕೊಳವೆಯೊಳಗಿನ ಗಾಳಿಯ ಒತ್ತಡ, ಚರ್ಮದ ಮೇಲೆ ಬೀಳುವ ಒತ್ತಡವಲ್ಲ. ಬೆನ್ನಿನ ಕೆಳತುದಿಯ ಎಲುಬು ಕೊಳವೆಯನ್ನು ಪೂರ್ತಿ ತಗ್ಗಿಸಿ ಮಂಚದ ಹಲಗೆಗೆ ತಾಗಿದೆ ಎಂದಿಟ್ಟುಕೊಳ್ಳಿ. ಆಗ ಭಾರ ಹೊರುವುದು ಹಲಗೆ, ಗಾಳಿಯಲ್ಲ. ಹಾಗಾಗಿ ಅಂಕಿ ಏರುವುದೂ ಇಲ್ಲ, ಅಲಾರ್ಮ್ ಕೂಗುವುದೂ ಇಲ್ಲ. ಇದನ್ನು ಹಿಡಿಯಲು ಕೈಯೇ ಬೇಕು. ಕುಗ್ಗಿರುವ ಕೊಳವೆಯ ಕೆಳಗೆ, ರೋಗಿಯ ಪೃಷ್ಠದ ನೇರಕ್ಕೆ, ಅಂಗೈ ಮೇಲಾಗಿ ಕೈ ತೂರಿಸಿ. ಕೈಗೂ ಮೈಗೂ ನಡುವೆ ಕನಿಷ್ಠ ಒಂದು ಇಂಚು ಗಾಳಿ ಇರಬೇಕು. ಎಲುಬು ಕೈಗೆ ಸಿಕ್ಕರೆ, ರೋಗಿಯ ತೂಕಕ್ಕೆ ತಕ್ಕಂತೆ ಒತ್ತಡ ಹೊಂದಿಸುವ ಗುಂಡಿಯನ್ನು ಒಂದು ಹಂತ ಏರಿಸಿ, ಎರಡು ಸುತ್ತು ಮುಗಿದ ಮೇಲೆ ಮತ್ತೆ ನೋಡಿ. ಮಲಗಿದಾಗ ಸರಿಯಿದ್ದ ಒತ್ತಡ ತಲೆಭಾಗ ಎತ್ತಿದಾಗ ಸಾಲದು, ಭಾರವೆಲ್ಲ ಪೃಷ್ಠಕ್ಕೆ ಜಾರುತ್ತದೆ. ಊಟದ ಹೊತ್ತು ಬಿಟ್ಟರೆ ತಲೆಭಾಗ 30 ಡಿಗ್ರಿ ದಾಟದಿರಲಿ.

ಮಾರುವವರು 32 ಎಂಬ ಅಂಕಿಯನ್ನು ಮಂತ್ರದಂತೆ ಹೇಳುತ್ತಾರೆ. 32 ಮಿಲಿಮೀಟರ್ ಪಾದರಸಕ್ಕಿಂತ ಕೆಳಗಿದ್ದರೆ ಬೆಡ್ ಸೋರ್ (ಮಲಗಿದಲ್ಲೇ ಒತ್ತಡ ಬಿದ್ದು ಆಗುವ ಗಾಯ) ಆಗುವುದಿಲ್ಲವಂತೆ. ಆ ಅಂಕಿ 1930ರಲ್ಲಿ ಶರೀರಶಾಸ್ತ್ರಜ್ಞ ಯೂಜೀನ್ ಲ್ಯಾಂಡಿಸ್ ಆರೋಗ್ಯವಂತರ ಬೆರಳುಗುರಿನ ಬುಡದ ಸೂಕ್ಷ್ಮ ರಕ್ತನಾಳದಲ್ಲಿ ಅಳೆದ ಒತ್ತಡಕ್ಕೆ ಸೇರಿದ್ದು. ಸಕ್ಕರೆ ಕಾಯಿಲೆ ಇರುವ, ಬಿಪಿ ಕುಸಿದಿರುವ, ಒದ್ದೆ ಡೈಪರ್ ಮೇಲೆ ಮಲಗಿರುವ ಎಂಬತ್ತರ ವೃದ್ಧೆಯ ಬೆನ್ನಿಗೆ ಅದು ಗಡಿಯಾಗಲಾರದು. ಎರಡು ಗಂಟೆಗೊಮ್ಮೆ ಮಗ್ಗುಲು, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆ, ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ತೇಲುವಂತೆ ಮಾಡುವುದು: ಯಾವ ಏರ್ ಬೆಡ್ ಬಂದರೂ ಇವು ನಿಲ್ಲುವುದಿಲ್ಲ. ಎರಡು ಗಂಟೆಯ ಅಂತರ ಹಿಗ್ಗಿಸಬಹುದೇ ಎಂಬುದನ್ನು ಚರ್ಮ ನೋಡಿದ ವೈದ್ಯರು ಹೇಳಲಿ. ನಮ್ಮಲ್ಲಿ ಬಹುತೇಕರದು ಕಂದು, ಕಪ್ಪು ಮೈಬಣ್ಣ. ಕೆಂಪಗಾಗುವುದನ್ನೇ ಕಾಯುತ್ತ ಕೂತರೆ ತಡವಾಗುತ್ತದೆ. ಬೆರಳ ಹಿಂಬದಿಯಿಂದ ಮುಟ್ಟಿ, ಸುತ್ತಲಿನ ಚರ್ಮಕ್ಕಿಂತ ಬಿಸಿಯೋ ತಣ್ಣಗೋ, ಗಟ್ಟಿಯೋ ಮೆತ್ತಗೋ ಎಂದು ದಿನಕ್ಕೊಮ್ಮೆಯಾದರೂ ಹೋಲಿಸಲೇಬೇಕು.

ಈ ಹಾಸಿಗೆಗೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಎರಡನೆಯ ಸೆನ್ಸರಿನಿಂದ. ಎದೆ ಏರಿಳಿದಾಗ ಚೀಲದ ಒತ್ತಡ ನಿಧಾನವಾಗಿ ಅಲೆಯುತ್ತದೆ, ಅದು ಉಸಿರು. ಹೃದಯ ರಕ್ತ ಚಿಮ್ಮಿಸಿದಾಗ ಇಡೀ ಮೈ ಕಣ್ಣಿಗೆ ಕಾಣದಷ್ಟು ಹಿಂದಕ್ಕೆ ಒದೆಯುತ್ತದೆ; ಉಸಿರಿನ ಅಲೆಯ ಮೇಲೆ ಸಣ್ಣ ಗೀರಿನಂತೆ ಕಾಣುವುದು ಅದು. ಉಸಿರಿನ ಅಲೆ ದೊಡ್ಡದಾದ್ದರಿಂದ ಅದರ ಎಣಿಕೆ ನಂಬುವಂಥದ್ದು. ನಾಡಿಯ ಗೀರು ಬಲು ಸಣ್ಣದು, ಬೇಗ ಕೆಡುತ್ತದೆ. ನಾಡಿ ಅಂಕಿ ವಿಚಿತ್ರವಾಗಿ ಕಂಡರೆ ಮಣಿಕಟ್ಟು ಹಿಡಿದು ಒಂದು ನಿಮಿಷ ಎಣಿಸಿ, ಇಲ್ಲವೇ ಬೆರಳಿಗೆ ಆಕ್ಸಿಮೀಟರ್ ಹಾಕಿ. ಹೃದಯ ಬಡಿತವೇ ತಾಳ ತಪ್ಪಿರುವ ಏಟ್ರಿಯಲ್ ಫಿಬ್ರಿಲೇಶನ್ ರೋಗಿಗಳಲ್ಲಿ, ಸೆಕೆಂಡಿಗೆ 4ರಿಂದ 6 ಸಲ ಕೈ ನಡುಗುವ ಪಾರ್ಕಿನ್ಸನ್ ರೋಗಿಗಳಲ್ಲಿ ನಾಡಿ ಅಂಕಿಯನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಮ್ಲಜನಕದ ಮಟ್ಟ, ಬಿಪಿ ಇದರಿಂದ ತಿಳಿಯುವುದಿಲ್ಲ.

ಮಲಗಿದ ವಯಸ್ಕರ ಉಸಿರು ನಿಮಿಷಕ್ಕೆ 12ರಿಂದ 20. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಪರಿಷ್ಕರಿಸಿದ ಎಚ್ಚರಿಕೆಯ ಅಂಕಪಟ್ಟಿಯಲ್ಲಿ (ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು) 21ರಿಂದ 24ಕ್ಕೆ ಎರಡು ಅಂಕ, 25 ಮುಟ್ಟಿದರೆ ಮೂರು. 8 ಅಥವಾ ಅದಕ್ಕಿಂತ ಕಡಿಮೆಯಾದರೂ ಮೂರೇ. ಆದರೆ ಒಂದು ರಾತ್ರಿಯ ಒಂದು ಅಂಕಿಗಿಂತ ಆ ರೋಗಿಯದೇ ಹಿಂದಿನ ವಾರದ ಸರಾಸರಿ ಹೆಚ್ಚು ಮಾತಾಡುತ್ತದೆ. ಸದಾ 16ರಲ್ಲಿರುವವರು ನಿದ್ದೆಯಲ್ಲೇ 22ಕ್ಕೆ ಏರಿ ಅಲ್ಲೇ ನಿಂತರೆ ಜ್ವರ, ಕಫ, ಮೂತ್ರದ ಸೋಂಕು ಇವುಗಳನ್ನು ಹುಡುಕಿ, ವೈದ್ಯರಿಗೆ ಫೋನ್ ಮಾಡಿ. ಇನ್ನೊಂದು ಮಾತು: ಹೃದಯ ಸೋತವರಲ್ಲಿ, ಪಾರ್ಶ್ವವಾಯು ಆದವರಲ್ಲಿ ಉಸಿರು ಮೆಲ್ಲಗೆ ಏರಿ, ಇಳಿದು, ಕೆಲವು ಸೆಕೆಂಡು ನಿಂತೇ ಹೋಗಿ ಮತ್ತೆ ಶುರುವಾಗುವುದುಂಟು. ಸರಾಸರಿ ಅಂಕಿ ಇದನ್ನು ಮುಚ್ಚಿಟ್ಟು 14 ಎಂದು ತೋರಿಸುತ್ತದೆ. ಅಲೆಯ ಚಿತ್ರ ತೋರಿಸದ, ಬರೀ ಅಂಕಿ ಕೊಡುವ ಮಾದರಿಯನ್ನು ನಾವು ಶಿಫಾರಸು ಮಾಡದಿರುವುದು ಇದಕ್ಕೇ.

ಅಂಕಿ ಕೆಡುವುದು ಬಹುಪಾಲು ಮನೆಯ ಕಾರಣಗಳಿಂದ. ಕೊಳವೆಗಳು ಅದಲುಬದಲಾಗುವ ಹೊತ್ತಿನಲ್ಲಿ ಪಂಪಿನ ಗಾಳಿ ಎಲ್ಲವನ್ನೂ ಮುಳುಗಿಸುತ್ತದೆ, ಆಗಿನ ಖಾಲಿ ಜಾಗ ದೋಷವಲ್ಲ. ಪಂಪನ್ನು ಮಂಚದ ಕಾಲ್ಕಡೆ ಹಲಗೆಗೆ ನೇತುಹಾಕಿ ಎಂದು ಕೈಪಿಡಿ ಹೇಳುತ್ತದೆ. ಆದರೆ ಅದರ ಡಯಾಫ್ರಾಮ್ (ಗಾಳಿ ತಳ್ಳುವ ರಬ್ಬರ್ ಪೊರೆ) ನಮ್ಮ 50 ಹರ್ಟ್ಸ್ ಕರೆಂಟಿಗೆ ತಕ್ಕಂತೆ ನಡುಗುತ್ತಿರುತ್ತದೆ, ಸಡಿಲ ಮರದ ಮಂಚ ಆ ನಡುಕವನ್ನು ಹೊತ್ತು ತರುತ್ತದೆ. ದಪ್ಪ ಬಟ್ಟೆ ಹಾಸಿ ಪಕ್ಕದ ಸ್ಟೂಲಿನ ಮೇಲಿಟ್ಟರೆ ನಾಡಿಯ ಗೀರು ಎಷ್ಟೋ ಸ್ಪಷ್ಟವಾಗುತ್ತದೆ. ಆಕ್ಸಿಜನ್ ಕಾನ್ಸಂಟ್ರೇಟರ್ ಮಂಚಕ್ಕೆ ತಾಗಬಾರದು. ನೋಡಿಕೊಳ್ಳುವವರು ಅದೇ ಮಂಚದ ಅಂಚಿನಲ್ಲಿ ಮಲಗಿದರೆ ಇಬ್ಬರ ಉಸಿರೂ ಬೆರೆಯುತ್ತದೆ.

ಚೀಲವನ್ನು ಸೊನ್ನೆಗೆ ಹೊಂದಿಸುವ ಕೆಲಸದಲ್ಲಿ ಅವಸರ ಬೇಡ. ಮುಚ್ಚಿದ ಗಾಳಿ 27 ಡಿಗ್ರಿಯಿಂದ ಮೈಶಾಖಕ್ಕೆ, ಅಂದರೆ 37ಕ್ಕೆ ಏರಿದಾಗ, ಚೀಲ ಸ್ವಲ್ಪವೂ ಹಿಗ್ಗದಿದ್ದರೆ ಒತ್ತಡ ಸುಮಾರು 25 ಮಿಲಿಮೀಟರ್ ಪಾದರಸದಷ್ಟು ಹೆಚ್ಚುತ್ತದೆ. ಚೀಲ ಹಿಗ್ಗುವುದರಿಂದ ನಿಜವಾದ ಏರಿಕೆ ಇದಕ್ಕಿಂತ ಕಡಿಮೆ, ಆದರೂ ಲೆಕ್ಕ ತಪ್ಪಿಸಲು ಸಾಕು. ರೋಗಿ ಅರ್ಧ ಗಂಟೆ ಮಲಗಿ ಹಾಸಿಗೆ ಬೆಚ್ಚಗಾದ ಮೇಲೆ ಹೊಂದಿಸಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಸಣ್ಣ ನಳಿಕೆಯೊಳಗೆ ಹನಿ ಕೂರುತ್ತದೆ, ಅಲೆ ಚಪ್ಪಟೆಯಾಗುತ್ತದೆ. ಸೆನ್ಸರ್ ಕಡೆಯಿಂದ ಬಿಚ್ಚಿ, ಸೂಜಿ ಇಲ್ಲದ ಸಿರಿಂಜಿನಿಂದ ಒಣ ಗಾಳಿ ಹಾಯಿಸಿ ಮತ್ತೆ ಸಿಕ್ಕಿಸಿ. ಸೆನ್ಸರ್ ರಂಧ್ರಕ್ಕೆ ಮಾತ್ರ ಎಂದೂ ಊದಬಾರದು. ತಲೆಭಾಗ ಎತ್ತಿದಾಗ ನಳಿಕೆ ಮಡಚಿಕೊಂಡರೂ ಹೀಗೆಯೇ ಆಗುತ್ತದೆ, ಯಂತ್ರ ರೋಗಿ ಎದ್ದುಹೋದನೆಂದು ಕೂಗುತ್ತದೆ.

ಹಾಸಿಗೆಯ ಮೇಲೆ ಒಂದೇ ಒಂದು ಹತ್ತಿ ಬೆಡ್‌ಶೀಟ್, ಅದೂ ಸಡಿಲವಾಗಿ. ಬಿಗಿಯಾಗಿ ಎಳೆದು ಸಿಕ್ಕಿಸಿದರೆ ಮೈ ಕೊಳವೆಗಳ ನಡುವೆ ಇಳಿಯುವುದೇ ಇಲ್ಲ. ರಬ್ಬರ್ ಶೀಟ್, ಮಡಿಸಿದ ಹಳೆ ಸೀರೆ, ನಡುವೆ ತೂತಿರುವ ಉಂಗುರದ ದಿಂಬು, ಮೂರೂ ಬೇಡ. ಉಂಗುರದ ದಿಂಬು ಅಂಚಿನಲ್ಲಿ ರಕ್ತ ತಡೆದು ಗಾಯವನ್ನು ಬೆಳೆಸುತ್ತದೆ.

ಕರೆಂಟಿನ ಖರ್ಚು ಅಲ್ಪ: 10 ವ್ಯಾಟಿನ ಪಂಪ್ ಹಗಲಿರುಳು ನಡೆದರೂ ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ. ಕರೆಂಟ್ ಹೋದಾಗ ಹಾಸಿಗೆ ಇಳಿಯದಂತೆ ಪಂಪ್ ಕಡೆಯ ಪೈಪ್ ಬಿಚ್ಚಿ ಮುಚ್ಚಳ ಹಾಕಿದರೆ ಒಳಗಿರುವ ಗಾಳಿ ಉಳಿಯುತ್ತದೆ. ಇನ್ವರ್ಟರ್‌ಗೆ ಜೋಡಿಸುವುದಾದರೆ ಸೈನ್ ವೇವ್ ಇರಲಿ. ಸ್ಕ್ವೇರ್ ವೇವ್‌ನಲ್ಲಿ ಪಂಪ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ತಲೆ ಪಕ್ಕದ ಸಿಪಿಆರ್ ಪಟ್ಟಿ ಎಳೆದರೆ ಗಾಳಿ ಬೇಗ ಇಳಿಯುತ್ತದೆ, ಹೃದಯ ನಿಂತು ಎದೆ ಒತ್ತಬೇಕಾಗಿ ಬಂದರೆ ಅದನ್ನು ಎಳೆಯಲೇಬೇಕು. ಹೋಂ ನರ್ಸ್‌ಗಷ್ಟೇ ಅಲ್ಲ, ಮನೆಯವರೆಲ್ಲರಿಗೂ ಇದು ಗೊತ್ತಿರಲಿ.

ಮೊದಲು ಸೋಲುವುದು ಪಂಪಿನ ರಬ್ಬರ್ ಡಯಾಫ್ರಾಮ್. ಹಾಸಿಗೆ ಉಬ್ಬಲು ಮೊದಲಿಗಿಂತ ಹೊತ್ತು ಹಿಡಿದರೆ ತಿಂಗಳಿಗೊಮ್ಮೆ ತೊಳೆಯಬೇಕಾದ ಸ್ಪಂಜಿನ ಫಿಲ್ಟರ್ ನೋಡಿ, ಆಮೇಲೆ ಸೋಪಿನ ನೊರೆ ಸವರಿ ಸೋರಿಕೆ ಹುಡುಕಿ. ಎರಡೂ ಸರಿಯಿದ್ದರೆ ಡಯಾಫ್ರಾಮ್ ಸೀಳಿದೆ. ಕೊಳವೆಗಳು ಗುಂಡಿಯಿಂದ ಕೂಡಿಸಿದವು, ಒಂದೊಂದನ್ನೇ ಬದಲಿಸಬಹುದು. ಅದಕ್ಕೇ ಕೊಳ್ಳುವ ಮುನ್ನ ಬಿಡಿ ಕೊಳವೆ, ಡಯಾಫ್ರಾಮ್ ಕಿಟ್, ಎದೆಯ ಚೀಲ ಇವುಗಳ ಬೆಲೆಯನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಇಂಟರ್ನೆಟ್ ಇಲ್ಲದಾಗಲೂ ಪೆಟ್ಟಿಗೆಯೇ ಅಲಾರ್ಮ್ ಕೂಗುತ್ತದೆಯೇ ಎಂದು ಅಂಗಡಿಯಲ್ಲೇ ವೈಫೈ ಆರಿಸಿ ನೋಡಿ.